ತಿಥಿ ನೋಡಿ ನಡೆಯುವ ಕರಾವಳಿ

ನಾಗಪುರದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಖಾಪರಖೇಡಾದಲ್ಲಿ ಸುರಿದ ಮಳೆ ಕನ್ಹಾನ್ ನದಿಗೆ ಇಳಿದು, ವೈನಗಂಗಾ ಮತ್ತು ಪ್ರಾಣಹಿತಾ ನದಿಗಳ ಹಾದಿ ಹಿಡಿದು, ಗೋದಾವರಿಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅರಬ್ಬಿ ಸಮುದ್ರದೊಡನೆ ಆ ಊರಿಗೆ ನೀರಿನ ನಂಟೂ ಇಲ್ಲ. ಕಲ್ಲಿದ್ದಲ ಗಣಿಗಳ ನಡುವೆ, ಐದು ಘಟಕಗಳಿಂದ ಒಟ್ಟು 1340 ಮೆಗಾವಾಟ್ ವಿದ್ಯುತ್ ಉತ್ಪಾದಿಸಬಲ್ಲ ಉಷ್ಣ ಸ್ಥಾವರದ ಸುತ್ತ ಬೆಳೆದ ಅಂಥ ಒಳನಾಡಿನ ಊರಿನಿಂದ ಕಡಲು ನೋಡಲು ಹೊರಡುವವರಿಗೆ ಮೊದಲು ನೆನಪಾಗುವುದು ಮುಂಬೈ, ಅಲಿಬಾಗ, ಗೋವಾ. ಇಂದಿನ ಭಾಷಣದ ವಿಷಯ ಗೋವಾದಿಂದಲೂ ದಕ್ಷಿಣಕ್ಕಿದೆ. ಅದು ಉತ್ತರ ಕನ್ನಡ ಜಿಲ್ಲೆಯ ಕುಮಟಾದಿಂದ ಗೋಕರ್ಣದವರೆಗೆ ಗುಡ್ಡ ಹತ್ತಿ ಮರಳಿಗಿಳಿದು ಸಾಗುವ ಕಾಲುದಾರಿ. ಅದರಲ್ಲೂ ಹೆಸರಾದ ಗೋಕರ್ಣದ ತೀರಗಳಿಗಿಂತ ಮುಂಚೆ ಬರುವ, ಅಘನಾಶಿನಿ ನದಿಯ ಅಳಿವೆಯಲ್ಲಿ ಮುಗಿಯುವ, ಪ್ರವಾಸಿಗರು ಅಷ್ಟಾಗಿ ಕಾಲಿಡದ ಮೊದಲರ್ಧ. ಅಳಿವೆ ಎಂದರೆ ನದಿ ಕಡಲನ್ನು ಕೂಡುವ ಬಾಯಿ.

ಈ ದಾರಿಯ ವಿಷಯದಲ್ಲಿ ಒಂದು ಮಾತನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಯಾವ ದಿನ ನಡೆಯಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಬಂಡೆಯ ಬುಡದಲ್ಲಿ ಕ್ಯಾಮೆರಾ ಹಿಡಿದು ನಿಲ್ಲಬಹುದು ಎಂಬುದನ್ನು ತೀರ್ಮಾನಿಸುವುದು ರಜೆಯ ಪಟ್ಟಿಯೂ ಅಲ್ಲ, ಭಾನುವಾರವೂ ಅಲ್ಲ. ಅದನ್ನು ತೀರ್ಮಾನಿಸುವುದು ತಿಥಿ. ಈ ಪ್ರವಾಸಕ್ಕೆ ಬೇಕಾದ ಮೊದಲ ಸಾಧನವು ನಾಗಪುರದ ಮನೆಗಳ ಗೋಡೆಯ ಮೇಲೂ ತೂಗುವ, ತಿಥಿ ತೋರಿಸುವ ಕಾಲನಿರ್ಣಯ ಕ್ಯಾಲೆಂಡರ್.

ವಿದರ್ಭಕ್ಕೂ ಈ ಕರಾವಳಿಗೂ ಹಳೆಯ ಸಂಬಂಧ ಇಲ್ಲವೆಂದೇ ಹೇಳಬೇಕು. ಆದರೂ ಇತಿಹಾಸದಲ್ಲಿ ಒಂದು ವಿಚಿತ್ರ ಜೋಡಣೆ ಇದೆ. ಉತ್ತರ ಕನ್ನಡವು 1862ರಿಂದ ಮುಂಬೈ ಪ್ರಾಂತಕ್ಕೆ, ಸ್ವಾತಂತ್ರ್ಯಾನಂತರ ಮುಂಬೈ ರಾಜ್ಯಕ್ಕೆ ಸೇರಿದ್ದು, 1956ರ ನವೆಂಬರ್ 1ರಂದು ಅದರಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿತು; ಅದೇ ದಿನ ನಾಗಪುರವೂ ಉಳಿದ ವಿದರ್ಭವೂ ಮಧ್ಯಪ್ರದೇಶದಿಂದ ಬೇರೆಯಾಗಿ ಮುಂಬೈ ರಾಜ್ಯದ ಒಳಗೆ ಬಂದವು. ಒಂದು ಬಾಗಿಲಿನಿಂದ ಒಬ್ಬರು ಹೊರಗೆ ಹೋಗುವಾಗ ಇನ್ನೊಬ್ಬರು ಒಳಗೆ ಬಂದಂತಾಯಿತು. ಮುಂಬೈಯಲ್ಲಿ ಬಾಳಿ ಕನ್ನಡದಲ್ಲಿ ಬರೆದ ಯಶವಂತ ಚಿತ್ತಾಲರು ಹುಟ್ಟಿದ ಹನೇಹಳ್ಳಿಯೂ, ಜಯಂತ ಕಾಯ್ಕಿಣಿಯವರು ಹುಟ್ಟಿದ ಗೋಕರ್ಣವೂ ಇದೇ ನೆರೆಯಲ್ಲಿವೆ ಎಂಬುದನ್ನು ಕನ್ನಡ ಓದುವ ಕೇಳುಗರಿಗೆ ನೆನಪಿಸಿದರೆ ಸಾಕು.

ದಾರಿ ಎಲ್ಲಿದೆ ಎಂಬುದು ಗೊತ್ತಾಯಿತು. ಇನ್ನು, ಅದು ಹಾಗೇಕೆ ಏರುತ್ತ ಇಳಿಯುತ್ತ ಹೋಗುತ್ತದೆ ಎಂಬುದನ್ನು ನೋಡಬೇಕು. ಉಡುಪಿಯ ಕಡೆಯ ಕರಾವಳಿಯಲ್ಲಿ ಮರಳಿನ ತೀರ ಮೈಲುಗಟ್ಟಲೆ ನೇರವಾಗಿ ಚಾಚಿಕೊಂಡಿರುತ್ತದೆ. ಉತ್ತರ ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಸಹ್ಯಾದ್ರಿಯು ಕಡಲಿಗೆ ಬಹಳ ಹತ್ತಿರ ಬರುವುದರಿಂದ, ಅದರ ಕವಲುಗುಡ್ಡಗಳು ಅಲ್ಲಲ್ಲಿ ನೀರಿನವರೆಗೂ ನುಗ್ಗಿ ಭೂಶಿರಗಳಾಗಿ ನಿಂತಿವೆ. ಭೂಶಿರ ಎಂದರೆ ಕಡಲೊಳಗೆ ಮೂಗಿನಂತೆ ಚಾಚಿದ ನೆಲ. ಇವುಗಳಲ್ಲಿ ಹೆಚ್ಚಿನವು 100 ಮೀಟರಿಗಿಂತ ತಗ್ಗಾದರೂ, ಸಮುದ್ರಮಟ್ಟದಿಂದಲೇ ನೇರವಾಗಿ ಏರಬೇಕಾಗುವುದರಿಂದ, ಮಧ್ಯಾಹ್ನದ ಬಿಸಿಲಿನಲ್ಲಿ ಏರುವವರಿಗೆ ಅಷ್ಟು ತಗ್ಗೆಂದು ಅನ್ನಿಸುವುದಿಲ್ಲ.

ಈ ಗುಡ್ಡಗಳ ನೆತ್ತಿಯ ಮೇಲೆ ಚಿರೇಕಲ್ಲಿನ ಹೊದಿಕೆ ಇದೆ. ಚಿರೇಕಲ್ಲನ್ನು ಜಂಬಿಟ್ಟಿಗೆ, ಮುರಕಲ್ಲು ಎಂದೂ ಕರೆಯುವುದುಂಟು. ಬಹಳ ಮಳೆಯೂ ಬಹಳ ಬಿಸಿಲೂ ಇರುವ ನಾಡಿನಲ್ಲಿ ನೀರು ಬಂಡೆಯೊಳಗೆ ಇಂಗಿ, ಅದರ ಸಿಲಿಕಾ ಮುಂತಾದ ಅಂಶಗಳನ್ನು ಕರಗಿಸಿ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳನ್ನು ಮಾತ್ರ ಉಳಿಸಿದಾಗ ಉಂಟಾಗುವ ಕಲ್ಲು ಇದು. ಅದರ ಕೆಂಪು ಕಬ್ಬಿಣದ ತುಕ್ಕಿನದು. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲಿನಿಂದಲೇ ಕರಾವಳಿಯ ಮನೆ, ಬಾವಿ, ಪಾಗಾರಗಳೆಲ್ಲ ಎದ್ದಿವೆ. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ನರು ಕೇರಳದ ಅಂಗಡಿಪ್ಪುರದ ಬಳಿ ಇಂಥದೇ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನಾಗಪುರದ ಸೀತಾಬರ್ಡಿ ಗುಡ್ಡದ ಕಪ್ಪು ಬಸಾಲ್ಟನ್ನು ನೋಡಿ ಬೆಳೆದ ಕಣ್ಣಿಗೆ, ತೂತುತೂತಾಗಿ ಬಿಸಿಲಿಗೆ ಕಾದ ಈ ಕೆಂಗಲ್ಲಿನ ಬಯಲು ಬೇರೊಂದು ದೇಶದಂತೆಯೇ ತೋರುತ್ತದೆ.

ಚಿರೇಕಲ್ಲಿನ ಹೊದಿಕೆಯ ಕೆಳಗೆ, ಅಲೆಗಳು ಬಡಿಯುವ ಮಟ್ಟದಲ್ಲಿ, ಇನ್ನೂ ಬಹಳ ಹಳೆಯದಾದ ಗಟ್ಟಿ ಶಿಲೆ ಇದೆ. ಅಲೆ ಬುಡವನ್ನು ಕೊರೆದಂತೆ ಮೇಲಿನ ಹೊದಿಕೆ ಆಧಾರ ತಪ್ಪಿ, ದೊಡ್ಡ ದೊಡ್ಡ ಹೋಳುಗಳಾಗಿ ಕೆಳಗುರುಳುತ್ತದೆ. ಗುಡ್ಡದ ಬುಡದಲ್ಲಿ ಕೆಂಪು, ಕಪ್ಪು ಬಂಡೆಗಳು ಬೆರೆತು ಬಿದ್ದಿರುವುದಕ್ಕೆ ಇದೇ ಕಾರಣ. ಚಿತ್ರ ತೆಗೆಯುವವರಿಗೆ ಇದರಿಂದ ಎರಡು ಪಾಠಗಳಿವೆ. ಮೇಲೆ ನಿಂತವರು ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ಇರಬೇಕು, ಏಕೆಂದರೆ ಕಾಲ ಕೆಳಗಿನ ಕಲ್ಲಿಗೆ ಅಡಿಯಲ್ಲಿ ಆಸರೆ ಇದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ. ಕೆಳಗೆ ನಿಂತವರು ಪಾಚಿ ಹಿಡಿದ ಕಪ್ಪು ಬಂಡೆಯನ್ನು ಎಂದೂ ನಂಬಬಾರದು.

ಭೂಶಿರಗಳ ನಡುವೆ ಮರಳು ನಿಲ್ಲುವುದಕ್ಕೂ ಕಾರಣವಿದೆ. ಕಡಲಿನ ಅಲೆಯು ಆಳ ಕಡಿಮೆಯಾದಲ್ಲಿ ನಿಧಾನವಾಗಿ, ಅದರಿಂದಾಗಿ ಬಾಗಿ, ಭೂಶಿರಗಳ ಮೇಲೆ ತನ್ನ ಬಲವನ್ನೆಲ್ಲ ಒಟ್ಟುಗೂಡಿಸುತ್ತದೆ; ನಡುವಿನ ಕೊಲ್ಲಿಯಲ್ಲಿ ಅದೇ ಬಲ ಹರಡಿ ತೆಳುವಾಗುವುದರಿಂದ ಮರಳು ಅಲ್ಲಿ ತಂಗುತ್ತದೆ. ಕುಮಟಾದಿಂದ ಹೊರಟವರು ಹೀಗೆ ಗುಡ್ಡ ದಾಟಿ ಮರಳು, ಮರಳು ದಾಟಿ ಗುಡ್ಡ ಎಂಬಂತೆ ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲಗಳನ್ನು ಹಾದು ಅಘನಾಶಿನಿ ಗ್ರಾಮವನ್ನು ತಲುಪುತ್ತಾರೆ. ವನ್ನಳ್ಳಿಯ ಹತ್ತಿರದ ಮರಳುಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ಕೆಂಪು ಸಿಹಿ ಈರುಳ್ಳಿಯು ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುವುದನ್ನು ಬಸ್ಸಿನ ಪ್ರಯಾಣಿಕರೂ ಕಂಡಿರುತ್ತಾರೆ. ಗೋಕರ್ಣದವರೆಗಿನ ಇಡೀ ದಾರಿ, ತಿರುವುಗಳೆಲ್ಲ ಸೇರಿ, ಸುಮಾರು 25 ಕಿಲೋಮೀಟರ್ ಆಗುತ್ತದೆ. ಇದಕ್ಕೆ ಎರಡು ದಿನ ಬೇಕು. ಒಂದೇ ದಿನದಲ್ಲಿ ಮುಗಿಸಿದವರೂ ಇದ್ದಾರೆ. ಅವರು ನಡೆದದ್ದು ನಿಜ, ನೋಡಿದ್ದೆಷ್ಟು ಎಂಬುದು ಬೇರೆ ಮಾತು.

ಕಲ್ಲಿನ ಮಾತು ಮುಗಿಯಿತು. ಗುಡ್ಡ ಮುಂದಕ್ಕೆ ಚಾಚಿದೆ, ಮರಳು ಹಿಂದಕ್ಕೆ ಸರಿದಿದೆ ಎಂಬಷ್ಟನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ಒಂದು ಮರಳತೀರದಿಂದ ಇನ್ನೊಂದಕ್ಕೆ ಹೋಗಲು ಎರಡು ದಾರಿಗಳಿವೆ: ಗುಡ್ಡದ ಮೇಲಿನದು ಮತ್ತು ಗುಡ್ಡದ ಬುಡದಲ್ಲಿ ಬಂಡೆಗಳ ನಡುವಿನದು. ಮೇಲಿನ ದಾರಿ ಸದಾ ತೆರೆದಿರುತ್ತದೆ. ಬುಡದ ದಾರಿ ಭರತ ಇಳಿತಗಳಿಗೆ ತಕ್ಕಂತೆ ತೆರೆದು ಮುಚ್ಚುತ್ತದೆ.

ಭರತ ಎಂದರೆ ಕಡಲಿನ ಮಟ್ಟ ಏರುವುದು, ಇಳಿತ ಎಂದರೆ ತಗ್ಗುವುದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಆದರೆ ಚಂದ್ರನು ದಿನದಿನವೂ ತಡವಾಗಿ ಮೂಡುವಂತೆ, ಭರತವೂ ದಿನಕ್ಕೆ ಸುಮಾರು 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಸೂರ್ಯ ಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವ ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಹೊತ್ತಿಗೆ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡು ಸೆಳೆತಗಳು ಒಂದಕ್ಕೊಂದು ಅಡ್ಡಬಂದು ಏರಿಳಿತ ಕುಗ್ಗುತ್ತದೆ. ದೊಡ್ಡ ತಿಥಿಗಳಲ್ಲಿ ಇಲ್ಲಿಯ ಏರಿಳಿತ ಒಂದೂವರೆಯಿಂದ 2 ಮೀಟರಿನಷ್ಟು. ಕೇಳಲು ಇದು ಅಲ್ಪವೆನಿಸಬಹುದು. ಆದರೆ ಮರಳತೀರದ ಇಳಿಜಾರು ಬಹಳ ಸೌಮ್ಯವಾದದ್ದು. ನೆಟ್ಟಗೆ ಒಂದೂವರೆ ಮೀಟರ್ ಇಳಿದ ನೀರು ಅಡ್ಡಕ್ಕೆ ಎಷ್ಟೋ ಕಡೆ 40 ಅಥವಾ 50 ಮೀಟರ್ ಹಿಂದೆ ಸರಿದಿರುತ್ತದೆ. ಬೆಳಿಗ್ಗೆ ಎದೆಮಟ್ಟದ ನೀರಿದ್ದ ಬಂಡೆಗಳ ಸಂದಿಯಲ್ಲಿ ಸಂಜೆ ಒದ್ದೆ ಮರಳಿನ ಮೇಲೆ ನಡೆದು ಹೋಗಬಹುದು.

ಇಲ್ಲಿ ಛಾಯಾಗ್ರಾಹಕರಿಗೆ ಒಂದು ಭಾಗ್ಯ ಕಾದಿದೆ. ಈ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ತುಂಬು ಭರತ ಮಧ್ಯಾಹ್ನಕ್ಕೆ ತುಸು ಮುಂಚೆ ಬರುತ್ತದೆ, ಇಳಿತ ಸಂಜೆಯ ಹೊತ್ತಿಗೆ ಬೀಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ತೀರದಲ್ಲಿ ಸೂರ್ಯ ಕಡಲಿಗಿಳಿಯುವ ಗಳಿಗೆಯೂ, ಬಂಡೆಗಳ ಬುಡ ಬರಿದಾಗುವ ಗಳಿಗೆಯೂ ಹೆಚ್ಚು ಕಡಿಮೆ ಒಟ್ಟಿಗೇ ಒದಗುತ್ತವೆ. ಅಷ್ಟಮಿಯ ಸುಮಾರಿಗೆ ಹೋದವರಿಗೆ ಇಳಿತ ನಡುಹಗಲಿನಲ್ಲಿ ಸಿಕ್ಕಿ, ಸೂರ್ಯಾಸ್ತದ ಹೊತ್ತಿಗೆ ನೀರು ಮತ್ತೆ ಬಂಡೆಗಳನ್ನು ಮುಚ್ಚಿರುತ್ತದೆ. ಒಂದೇ ಜಾಗ, ಒಂದೇ ತಿಂಗಳು, ಒಂದು ವಾರದ ಅಂತರ. ಚಿತ್ರ ಮಾತ್ರ ಬೇರೆ. ಗಂಟೆ ನಿಮಿಷಗಳ ಲೆಕ್ಕ ಬೇಕಾದವರಿಗೆ ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುವ ಭರತ ಇಳಿತದ ಕೋಷ್ಟಕ ಇದೆ. ತಿಥಿಯಿಂದ ದಿನವನ್ನು ಆರಿಸಿ, ಕೋಷ್ಟಕದಿಂದ ಹೊತ್ತನ್ನು ಗೊತ್ತು ಮಾಡಿಕೊಂಡು, ಹೊರಡುವ ಮುನ್ನ ತೀರದ ಮೀನುಗಾರರನ್ನು ಒಂದು ಮಾತು ಕೇಳುವುದು ಸರಿಯಾದ ಕ್ರಮ. ಇಳಿತ ಮುಗಿದು ನೀರು ತಿರುಗಿದ ಮೇಲೆ ಬುಡದ ದಾರಿಯನ್ನು ಹಿಡಿಯಲೇಬಾರದು. ಎರಡೂ ಕಡೆ ಗೋಡೆಯಂಥ ಗುಡ್ಡವಿರುವಲ್ಲಿ ಮುಂದೆ ಹೋಗಲಾಗದೆ ಹಿಂದೆ ಬರಲಾಗದೆ ಸಿಕ್ಕಿಹಾಕಿಕೊಳ್ಳುವುದು ಹೀಗೆಯೇ.

ತಿಥಿ ದಿನವನ್ನು ಆರಿಸಿಕೊಟ್ಟಿತು. ಬೆಳಕಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಮುಂಜಾನೆ ಸೂರ್ಯ ಗುಡ್ಡಗಳ ಹಿಂದಿನಿಂದ ಬರುವುದರಿಂದ ಕಡಲ ಕಡೆಯ ಮುಖಗಳೆಲ್ಲ ನೆರಳಿನಲ್ಲಿರುತ್ತವೆ. ಮಧ್ಯಾಹ್ನ ಮೂರರ ನಂತರ ಚಿರೇಕಲ್ಲಿನ ಕೆಂಪು ಬೆಳಗತೊಡಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕಲ್ಲದೆ ಸುಮಾರು 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಮುಳುಗುವುದರಿಂದ, ಭೂಶಿರಗಳ ದಕ್ಷಿಣದ ಮೈಗೆ ಕೊನೆಯವರೆಗೂ ಬಿಸಿಲು ತಾಗಿರುತ್ತದೆ. ಕುಮಟಾ ಕಡೆಯಿಂದ ಉತ್ತರಕ್ಕೆ ನಡೆಯುವವರ ಕಣ್ಣಿಗೆ ಎದುರಾಗುವುದು ಆ ಮೈಯೇ. ಅಕ್ಟೋಬರಿನಲ್ಲಿ ಮಳೆ ತೊಳೆದ ಗಾಳಿ ತಿಳಿಯಾಗಿದ್ದು, ಗುಡ್ಡದ ನೆತ್ತಿಯ ಹುಲ್ಲು ಇನ್ನೂ ಹಸಿರಾಗಿರುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ, ದಿಗಂತ ಮಬ್ಬಾಗುತ್ತದೆ. ಉಪ್ಪಿನ ಹನಿ ಮಸೂರದ ಮೇಲೆ ಕೂತು ಒಣಗುವುದರಿಂದ ಒಂದು ಮೆತ್ತನೆಯ ಬಟ್ಟೆಯೂ ಸ್ವಲ್ಪ ಸಿಹಿನೀರೂ ಜೊತೆಗಿರಬೇಕು. ಉಳಿದ ಸಲಕರಣೆಗಳ ಚರ್ಚೆ ಅಂಗಡಿಯವರಿಗೆ ಬಿಟ್ಟದ್ದು.

ಇಷ್ಟು ಹೊತ್ತು ಕಡಲ ಮುಖದ ಮಾತಾಯಿತು. ಈಗ ದಾರಿ ಅಘನಾಶಿನಿಯ ಅಳಿವೆಗೆ ಬಂದು ನಿಲ್ಲುತ್ತದೆ. ನಡೆಯುವವರು ಇಲ್ಲಿ ದೋಣಿಗಾಗಿ ಕಾಯಲೇಬೇಕು. ದಕ್ಷಿಣದ ದಂಡೆಯಲ್ಲಿ ಅಘನಾಶಿನಿ ಗ್ರಾಮ, ಉತ್ತರದ ದಂಡೆಯಲ್ಲಿ ತದಡಿಯ ಮೀನುಗಾರಿಕೆ ಬಂದರು. ನಡುವೆ ನದಿಯೂ ಕಡಲೂ ಬೆರೆತ ಅಗಲವಾದ ನೀರು. ಹೆಚ್ಚಿನವರು ಬೇಗನೆ ದಾಟಿ ಗೋಕರ್ಣದ ಕಡೆಗೆ ಧಾವಿಸುತ್ತಾರೆ. ಇಡೀ ದಾರಿಯಲ್ಲಿ ನಿಧಾನಿಸಬೇಕಾದ ಸ್ಥಳ ಒಂದಿದ್ದರೆ ಅದು ಇದು.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಧುಮುಕಿ, ಒಟ್ಟು 120 ಕಿಲೋಮೀಟರಿನಷ್ಟು ಹರಿದು ಬರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ನದಿ ತಂದ ಹೂಳು ಅಡೆತಡೆಯಿಲ್ಲದೆ ಅಳಿವೆಯನ್ನು ಸೇರುತ್ತದೆ. ಭರತದ ಉಪ್ಪುನೀರು ಹಲವು ಕಿಲೋಮೀಟರ್ ಒಳಗೆ ನುಗ್ಗಿ ಆ ಹೂಳನ್ನು ಹರಡುತ್ತದೆ, ಇಳಿತ ಅದನ್ನು ಬಯಲು ಮಾಡಿ ತೋರಿಸುತ್ತದೆ. ಕಾಂಡ್ಲಾ ಗಿಡಗಳು, ಅಂದರೆ ಉಪ್ಪುನೀರಿನಲ್ಲಿ ಬೇರು ಬಿಟ್ಟು ಬದುಕುವ ಮರಗಳು, ಈ ಹೂಳಿನ ಅಂಚಿನಲ್ಲಿ ನಿಂತಿವೆ. 2024ರಲ್ಲಿ ಸುಮಾರು 4800 ಹೆಕ್ಟೇರ್ ವಿಸ್ತಾರದ ಈ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಇರಾನಿನ ರಾಮ್ಸರ್ ನಗರದಲ್ಲಿ 1971ರಲ್ಲಿ ಆದ ಒಪ್ಪಂದದಂತೆ ಗುರುತಿಸಲಾಗುವ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಿಗೆ ಆ ಹೆಸರು.

ಇಳಿತ ಬಿದ್ದ ಕೂಡಲೇ ಇಲ್ಲಿ ಕೆಲಸ ಆರಂಭವಾಗುತ್ತದೆ. ಹೆಂಗಸರು ಮೊಣಕಾಲಿನಿಂದ ಸೊಂಟದವರೆಗಿನ ನೀರಿಗಿಳಿದು, ಹೂಳಿನಲ್ಲಿ ಅಡಗಿರುವ ಬಳಚನ್ನು ಕಾಲ ಬೆರಳಿನಿಂದ ತಡಕಿ, ಬಾಗಿ ಕೈಯಿಂದ ಎತ್ತಿ, ಅಲ್ಲೇ ನೀರಿನಲ್ಲಿ ಅಲ್ಲಾಡಿಸಿ ಕೆಸರು ಕಳೆದು ಬುಟ್ಟಿಗೆ ಹಾಕುತ್ತಾರೆ. ಬಳಚು ಎಂದರೆ ಎರಡು ಚಿಪ್ಪುಗಳ ನಡುವೆ ಮೆತ್ತನೆಯ ಮೈಯುಳ್ಳ ಜಲಚರ. ಆಳದ ಕಡೆ ಗಂಡಸರು ದೋಣಿಯಿಂದ ಮುಳುಗಿ ತೆಗೆಯುತ್ತಾರೆ. ಕಣ್ಣಿಗೆ ಏನೂ ಕಾಣದ ಕದಡಿದ ನೀರಿನಲ್ಲಿ ಕಲ್ಲು ಯಾವುದು, ಸತ್ತ ಚಿಪ್ಪು ಯಾವುದು, ಜೀವವಿರುವ ಬಳಚು ಯಾವುದು ಎಂಬುದನ್ನು ಪಾದವೇ ಹೇಳಬೇಕು. ಈ ಅಳಿವೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಚಿಪ್ಪುಜೀವಿಗಳಿಂದ ಬದುಕು ಸಾಗಿಸುತ್ತಾರೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವರ ಕೆಲಸದ ವೇಳೆಯನ್ನು ನಿಗದಿಪಡಿಸುವುದೂ ತಿಥಿಯೇ. ಪ್ರವಾಸಿಗರು ಈ ದೃಶ್ಯವನ್ನು ಸೆರೆಹಿಡಿಯಲು ಆಸೆಪಡುವುದು ಸಹಜವಾದರೂ, ನೀರಿನಲ್ಲಿ ನಿಂತು ದುಡಿಯುವವರ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯುವುದು ಸೌಜನ್ಯವಲ್ಲ.

ಅಳಿವೆಯ ಒಳಭಾಗದಲ್ಲಿ ಗಜನಿಗಳಿವೆ. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ನೀರಿನ ಬಾಗಿಲುಗಳನ್ನಿಟ್ಟು ಸಾಗುವಳಿ ಮಾಡುವ ತಗ್ಗಿನ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಮಾಣಿಕಟ್ಟಾ ಮೊದಲಾದ ಕಡೆ ಈ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಎಂಬ ಭತ್ತ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ಅಪರೂಪದ ತಳಿ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಬೆಳೆ ಏಳುತ್ತದೆ. ಕಟಾವಾದ ಬಳಿಕ ಬಾಗಿಲು ತೆರೆದು ಅಳಿವೆಯ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆ ಸಿಗಡಿ ಮತ್ತು ಮೀನಿನ ಮನೆಯಾಗುತ್ತದೆ. ಇನ್ನೂ ಉತ್ತರಕ್ಕೆ, ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅದೇ ಉಪ್ಪುನೀರನ್ನು ಆಗರಗಳಲ್ಲಿ ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ.

ಖಾಪರಖೇಡಾದ ಕೇಳುಗರಿಗೆ ವಿಶೇಷವಾಗಿ ಹೇಳಬೇಕಾದ ಸಂಗತಿ ಇಲ್ಲಿಯೇ ಬರುತ್ತದೆ. 2000ರ ದಶಕದ ನಡುವಿನಲ್ಲಿ, ದೇಶದ ಹಲವೆಡೆ ಭಾರೀ ಉಷ್ಣ ವಿದ್ಯುತ್ ಸ್ಥಾವರಗಳನ್ನು ಕಟ್ಟುವ ಯೋಜನೆ ರೂಪುಗೊಂಡಾಗ, 4000 ಮೆಗಾವಾಟ್ ಸಾಮರ್ಥ್ಯದ ಸ್ಥಾವರವೊಂದನ್ನು ಇದೇ ತದಡಿಗೆ ಗೊತ್ತು ಮಾಡಲಾಗಿತ್ತು. ಅಂದರೆ ಖಾಪರಖೇಡಾದ ಸ್ಥಾವರದ ಸುಮಾರು ಮೂರು ಪಟ್ಟು. ಕಲ್ಲಿದ್ದಲು ಹಡಗಿನಲ್ಲಿ ಬಂದು, ಬೂದಿಗೆ ಕೊಳ ತೋಡಿ, ಕಾದ ನೀರು ಅಳಿವೆಗೆ ಸೇರುವುದೆಂದರೆ ಏನು ಎಂಬುದನ್ನು ಉಷ್ಣ ಸ್ಥಾವರದ ನೆರೆಯಲ್ಲಿ ಬಾಳುವವರಿಗೆ ವಿವರಿಸಬೇಕಾಗಿಲ್ಲ. ಮೀನುಗಾರರು, ರೈತರು, ಪರಿಸರವಾದಿಗಳು ವಿರೋಧಿಸಿದರು. ಸ್ಥಾವರ ಅಲ್ಲಿ ಏಳಲಿಲ್ಲ. ದೇಶಕ್ಕೆ ವಿದ್ಯುತ್ತು ಬೇಡವೆಂದು ಇದರ ಅರ್ಥವಲ್ಲ; ಅದರ ಬೆಲೆಯನ್ನು ಯಾವುದೋ ಒಂದು ಊರು ತೆರಲೇಬೇಕಾಗಿದೆ, ಮತ್ತು ವಿದರ್ಭದ ಊರುಗಳು ಬಹುಕಾಲದಿಂದ ಅದನ್ನು ತೆರುತ್ತ ಬಂದಿವೆ. ತದಡಿಯ ದೋಣಿಯಲ್ಲಿ ಕುಳಿತು ಎರಡೂ ದಂಡೆಗಳನ್ನು ನೋಡುವ ಖಾಪರಖೇಡಾದವರಿಗೆ ಈ ಲೆಕ್ಕ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಅಳಿವೆ ದಾಟಿದ ಮೇಲಿನ ದಾರಿಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಬೇಲೆಕಾನದಿಂದ ಮುಂದೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ತೀರಗಳು ಒಂದರ ಹಿಂದೊಂದು ಬರುತ್ತವೆ. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದ ಆಕಾರ ತಾಳಿದ ಓಂ ತೀರದ ಚಿತ್ರವನ್ನು ನೋಡದವರು ಕಡಿಮೆ. ಅಲ್ಲಿಯ ಕಲ್ಲು, ಮರಳು, ನೀರುಗಳ ಆಟ ಮೊದಲರ್ಧದಲ್ಲಿ ಕಂಡದ್ದೇ. ಜನಸಂದಣಿ ಮಾತ್ರ ಹೊಸದು. ಬಂಡೆಗಳ ಪಕ್ಕದಲ್ಲಿ ನೀರು ಕಡಲಿನ ಕಡೆಗೆ ರಭಸವಾಗಿ ಹಿಂದೆ ಸರಿಯುವ ಸೆಳೆತಗಳಿರುವುದರಿಂದ, ಈಜು ಬಲ್ಲವರೂ ಅಲ್ಲಿ ಇಳಿಯಬಾರದು ಎಂಬ ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು.

ನಾಗಪುರದ ಕಡೆಯಿಂದ ಕುಮಟಾ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮುಂಬೈಗೆ ಬಂದು, 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲುಮಾರ್ಗ ಹಿಡಿದರೆ ಕುಮಟಾದಲ್ಲಿಯೇ ಇಳಿದು ನಡಿಗೆ ಆರಂಭಿಸಿ, ಮರಳುವಾಗ ಗೋಕರ್ಣ ರೋಡ್ ನಿಲ್ದಾಣದಲ್ಲಿ ಹತ್ತಬಹುದು. ಹುಬ್ಬಳ್ಳಿಗೆ ಬಂದು ಘಟ್ಟ ಇಳಿಯುವ ಬಸ್ಸು ಹಿಡಿಯುವುದು ಇನ್ನೊಂದು ದಾರಿ. ಹೋಗಿಬರುವುದಕ್ಕೇ ಹೆಚ್ಚು ದಿನಗಳು ಹಿಡಿಯುವುದರಿಂದ, ಟಿಕೆಟ್ ತೆಗೆಯುವ ಮುನ್ನವೇ ಅಕ್ಟೋಬರ್ ಮತ್ತು ಫೆಬ್ರವರಿಯ ನಡುವಿನ ಒಂದು ಅಮಾವಾಸ್ಯೆಯನ್ನೋ ಹುಣ್ಣಿಮೆಯನ್ನೋ ಗುರುತು ಹಾಕಿಕೊಂಡು, ಅದರ ಆಚೀಚಿನ ಎರಡು ದಿನಗಳನ್ನು ನಡಿಗೆಗೆ ಮೀಸಲಿಡುವುದು ಲೇಸು. ಮಳೆಗಾಲದ ಮಾತು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಬಂದರುಗಳಲ್ಲಿ ದೋಣಿಗಳು ದಡ ಸೇರಿರುತ್ತವೆ. ಮಳೆಗಾಲದ ಅಲೆಯು ಇಳಿತದಲ್ಲಿಯೂ ಗುಡ್ಡದ ಬುಡವನ್ನು ಬಿಟ್ಟು ಸರಿಯುವುದಿಲ್ಲ. ಆ ತಿಂಗಳುಗಳಲ್ಲಿ ಬುಡದ ದಾರಿಗೆ ಯಾವ ತಿಥಿಯೂ ಒದಗುವುದಿಲ್ಲ.